ಘಾಟಿ ಇಳಿಯೋಕೆ ಡಿ ಸಾಕಾ? ಎಸ್, ಎಲ್ ಯಾವಾಗ ಹಾಕಬೇಕು?

ತುಂಗಾತೀರ (ಪ್ರಶ್ನೆ)

ಮ್ಯಾನ್ಯುಯಲ್ ಬಿಟ್ಟು ಈಗಷ್ಟೇ ಸಿವಿಟಿ (ಒಂದು ಬಗೆಯ ಆಟೊಮ್ಯಾಟಿಕ್) ಕಾರಿಗೆ ಬಂದಿದ್ದೇನೆ. ಪೆಟ್ರೋಲ್ ಹ್ಯಾಚ್‌ಬ್ಯಾಕ್. ಲಿವರ್‌ನಲ್ಲಿ ಪಿ (ಪಾರ್ಕಿಂಗ್), ಆರ್ (ರಿವರ್ಸ್), ಎನ್ (ನ್ಯೂಟ್ರಲ್), ಡಿ (ಡ್ರೈವ್), ಎಸ್ (ಸ್ಪೋರ್ಟ್), ಎಲ್ (ಲೋ) ಇವೆ, ಸ್ಟೀರಿಂಗ್ ಹಿಂದೆ ಗೇರ್ ಬದಲಿಸುವ ಪ್ಯಾಡಲ್ ಇಲ್ಲ. ತೀರ್ಥಹಳ್ಳಿಯಿಂದ ಆಗುಂಬೆ ಮೇಲೆ ಉಡುಪಿಗೆ ಹೋಗಿಬರುವುದು ಜಾಸ್ತಿ. ಮೂರು ಅನುಮಾನ:

ಒಂದು, ಘಾಟಿ ಇಳಿಯುವಾಗ ಡಿಯಲ್ಲೇ ಬಿಟ್ಟರೆ ಗಾಡಿ ಸುಮ್ಮನೆ ಜಾರಿಕೊಂಡು ಹೋಗುತ್ತದೆ, ಬ್ರೇಕ್ ಮೇಲಿನ ಕಾಲು ತೆಗೆಯುವ ಹಾಗೇ ಇಲ್ಲ. ಘಾಟಿ ಬುಡದ ಸೋಮೇಶ್ವರ ಬರುವಷ್ಟರಲ್ಲಿ ಸುಟ್ಟ ವಾಸನೆ. ಓಡುತ್ತಿರುವಾಗಲೇ ಎಸ್‌ಗೋ ಎಲ್‌ಗೋ ಎಳೆಯಬಹುದಾ? ಎಂಜಿನ್ ಜೋರಾಗಿ ಕೂಗುತ್ತದೆ, ಅದರಿಂದ ತೊಂದರೆ ಇಲ್ಲವಾ?

ಎರಡು, ಇಳಿಜಾರಿನಲ್ಲಿ ಪಿ ಹಾಕಿ ನಿಲ್ಲಿಸಿದ್ದನ್ನು ಮತ್ತೆ ತೆಗೆಯುವಾಗ ಕೆಳಗಡೆ ‘ಧಡಕ್’ ಅಂತ ಸದ್ದು.

ಮೂರು, ಸಿಗ್ನಲ್‌ನಲ್ಲಿ ಎನ್ ಹಾಕಬೇಕಾ? ಇಳಿಜಾರಲ್ಲೂ ಎನ್ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಎನ್ನುವವರಿದ್ದಾರೆ. ನಿಜವಾ?

ಹದಿನಾಲ್ಕನೇ ತಿರುವು

ಓಡುತ್ತಿರುವಾಗಲೇ ಎಳೆಯಬಹುದು, ಎಳೆಯಲೇಬೇಕು. ಆ ಎರಡು ಸ್ಥಾನ ಕೊಟ್ಟಿರುವುದೇ ಅದಕ್ಕೆ.

ಸಿವಿಟಿಯೊಳಗೆ ಒಂದು, ಎರಡು, ಮೂರು ಅಂತ ಗೇರ್‌ಗಳಿಲ್ಲ. ಎರಡು ಪುಲ್ಲಿ, ಅವುಗಳ ನಡುವೆ ಉಕ್ಕಿನ ಬೆಲ್ಟ್, ಅಷ್ಟೆ. ಡಿಯಲ್ಲಿ ಆಕ್ಸಿಲರೇಟರ್ ಬಿಟ್ಟರೆ ಇನ್ನು ಶಕ್ತಿ ಬೇಡವೆಂದು ಲೆಕ್ಕ ಹಾಕಿ ಕಂಪ್ಯೂಟರ್ ಪುಲ್ಲಿಗಳನ್ನು ಟಾಪ್ ಗೇರಿನ ಅನುಪಾತಕ್ಕೆ ಸರಿಸಿಬಿಡುತ್ತದೆ. ಎಂಜಿನ್ ಸಾವಿರ ಚಿಲ್ಲರೆ ಆರ್‌ಪಿಎಂಗೆ (ನಿಮಿಷಕ್ಕೆ ತಿರುಗುವ ಸುತ್ತು) ಇಳಿಯುತ್ತದೆ, ಗಾಡಿಯನ್ನು ಹಿಡಿಯುವ ಬಲ ಅದಕ್ಕೆ ಇರುವುದಿಲ್ಲ. ಕೆಲವು ಹೊಸ ಕಾರುಗಳು ಇಳಿಜಾರನ್ನು ಗುರುತಿಸಿ ತಾವೇ ಸ್ವಲ್ಪ ಹಿಡಿಯುತ್ತವೆ, ಆದರೆ ಆಗುಂಬೆಯಂಥ ಕಡೆ ಅದು ಸಾಲದು.

ಎಸ್‌ಗೆ ತಂದರೆ ಅದೇ ವೇಗದಲ್ಲಿ ಎಂಜಿನ್ ಮೇಲಿನ ಆರ್‌ಪಿಎಂನಲ್ಲಿ ತಿರುಗುತ್ತದೆ, ಎಲ್‌ಗೆ ತಂದರೆ ಇನ್ನೂ ಮೇಲೆ. ಎಲ್‌ನಲ್ಲಿ ಮೂರೂವರೆ, ನಾಲ್ಕು ಸಾವಿರ ತೋರಿಸಿದರೆ ಗಾಬರಿ ಬೇಡ. ಮೀಟರಿನ ಕೆಂಪು ಗೆರೆ ಆರು ಸಾವಿರದ ಆಚೆ ಇದೆ. ಆ ಹೊತ್ತಿಗೆ ಎಂಜಿನ್ ಪೆಟ್ರೋಲ್ ಉರಿಸುತ್ತಲೂ ಇರುವುದಿಲ್ಲ, ಬರೀ ಗಾಳಿ ಎಳೆದು ತಳ್ಳುತ್ತಿರುತ್ತದೆ. ನಿಮಗೆ ಕೇಳಿಸುವುದು ಅದರ ಸದ್ದು.

ಕ್ರಮ ಹೀಗಿರಲಿ. ಆಗುಂಬೆ ಊರು ದಾಟಿ ಸೂರ್ಯಾಸ್ತ ನೋಡುವ ಜಾಗ ಬರುವಷ್ಟರಲ್ಲಿ ವೇಗ 40ರ ಕೆಳಗೆ ಇಳಿದಿರಲಿ, ಲಿವರ್ ಎಸ್‌ನಲ್ಲಿರಲಿ. ಹೇರ್‌ಪಿನ್ (ಯು ಆಕಾರದ ತಿರುವು) ಕಣ್ಣಿಗೆ ಬಿದ್ದ ಮೇಲೆ, ತಿರುವಿಗೆ ಮೊದಲೇ, ನೆಟ್ಟಗಿರುವ ರಸ್ತೆಯಲ್ಲಿ ಬ್ರೇಕ್ ಒತ್ತಿ 25ಕ್ಕೆ ತಂದು ಎಲ್ ಹಾಕಿ. ಸ್ಟೀರಿಂಗ್ ಅರ್ಧ ತಿರುಗಿಸಿದ ಮೇಲೆ ಎಲ್ ಎಳೆಯಬೇಡಿ. ಎಂಜಿನ್ ಹಿಡಿತ ಮುಂದಿನ ಎರಡು ಚಕ್ರಕ್ಕೆ ಮಾತ್ರ ಸಿಗುತ್ತದೆ, ತಿರುಗಬೇಕಾದವೂ ಅವೇ. ಮಳೆಗಾಲದಲ್ಲಿ ಎಲೆ, ಕೆಸರು ಬಿದ್ದ ತಿರುವಿನ ಮಧ್ಯದಲ್ಲಿ ಧುತ್ತೆಂದು ಹಿಡಿದರೆ ಮುಂದಿನ ಚಕ್ರ ಜಾರಿ ಗಾಡಿ ನೇರಕ್ಕೆ ಹೋಗುತ್ತದೆ. ಬಹಳಷ್ಟು ತಿರುವುಗಳು ಹತ್ತಿರ ಹತ್ತಿರ ಇರುವುದರಿಂದ ಒಮ್ಮೆ ಎಲ್ ಹಾಕಿದವರು ಕೆಳಗಿನವರೆಗೂ ಅದರಲ್ಲೇ ಬಂದರೂ ನಷ್ಟವಿಲ್ಲ. ಹಿಂದಿನವನು ಹಾರ್ನ್ ಹೊಡೆದರೆ ಹೊಡೆದುಕೊಳ್ಳಲಿ.

ಎಲ್‌ನಲ್ಲೂ ವೇಗ ಏರುತ್ತಿದ್ದರೆ ಬ್ರೇಕ್ ಬೇಕೇ ಬೇಕು. ಆದರೆ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಬರಬಾರದು. 35ಕ್ಕೆ ಏರಲು ಬಿಡಿ, ಗಟ್ಟಿಯಾಗಿ ಒತ್ತಿ 20ಕ್ಕೆ ತನ್ನಿ, ಕಾಲು ಪೂರ್ತಿ ತೆಗೆಯಿರಿ. ಆ ಮಧ್ಯದ ಬಿಡುವಿನಲ್ಲಿ ಡಿಸ್ಕ್‌ಗೆ ಗಾಳಿ ತಗಲುತ್ತದೆ. ಮೆಲ್ಲಗೆ ಒತ್ತಿಹಿಡಿದೇ ಇದ್ದರೆ ಆ ಬಿಡುವು ಇಲ್ಲ. ನಿಮಗೆ ಬರುತ್ತಿರುವ ವಾಸನೆ ಅದರದೇ.

ಶಾಖ ಎಷ್ಟೆಂದು ಲೆಕ್ಕ ಬೇಕಾದರೆ: ಸಾವಿರ ಕೆಜಿಯ ಗಾಡಿ 500 ಮೀಟರ್ ಎತ್ತರ ಇಳಿದರೆ ಸುಮಾರು 49 ಲಕ್ಷ ಜೂಲ್ ಶಕ್ತಿ ಎಲ್ಲಿಗಾದರೂ ಹೋಗಬೇಕು. ಹದಿನಾಲ್ಕು ಲೀಟರ್ ತಣ್ಣೀರು ಕುದಿ ಬರಲು ಅಷ್ಟು ಸಾಕು. ಎಂಜಿನ್ ಪಾಲು ತೆಗೆದುಕೊಳ್ಳದಿದ್ದರೆ ಹೆಚ್ಚುಕಡಿಮೆ ಪೂರ್ತಿ ಬ್ರೇಕಿನ ತಲೆಗೇ.

ಬ್ರೇಕ್ ಸೋಲುವುದರಲ್ಲಿ ಎರಡು ಬಗೆ, ಕಾಲಿಗೆ ಬೇರೆಬೇರೆಯಾಗಿ ತಿಳಿಯುತ್ತದೆ. ಪೆಡಲ್ ಗಟ್ಟಿಯಾಗಿದ್ದೂ ಗಾಡಿ ನಿಲ್ಲದಿದ್ದರೆ ಪ್ಯಾಡ್ ಕಾದಿದೆ. ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತಿದ್ದರೆ ಬ್ರೇಕ್ ಆಯಿಲ್ ಕುದಿದು ಪೈಪಿನಲ್ಲಿ ಆವಿ ತುಂಬಿದೆ, ಇದು ಹೆಚ್ಚು ಅಪಾಯ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕುದಿಯದೆ ಕನಿಷ್ಠ 205 ಡಿಗ್ರಿ ತಡೆಯಬೇಕು, ನೀರು ಹೀರಿಕೊಂಡ ಮೇಲೆ ಕನಿಷ್ಠ ಮಿತಿ 140 ಡಿಗ್ರಿ. ಡಾಟ್ 4ಕ್ಕೆ 230, 155. ನಮ್ಮ ಮಲೆನಾಡಿನ ಗಾಳಿಯಲ್ಲಿ ತೇವಕ್ಕೇನು ಕಮ್ಮಿ, ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸುವುದನ್ನು ತಪ್ಪಿಸಬೇಡಿ. ಸರ್ವೀಸ್‌ನಲ್ಲಿ ಬರೀ ಮಟ್ಟ ನೋಡಿ ‘ಟಾಪ್ ಅಪ್’ ಅಂತ ಬರೆದರೆ ಬದಲಿಸಿದಂತಲ್ಲ.

ಎರಡರಲ್ಲಿ ಯಾವುದಾದರೂ ಸರಿ, ಎಲ್ ಹಾಕಿ ವೇಗ ತಗ್ಗಿಸಿ ಅಗಲ ಇರುವ ಕಡೆ ನಿಲ್ಲಿಸಿ. ಅರ್ಧ ಗಂಟೆ ಆರಲಿ. ಕಾದ ಡಿಸ್ಕ್ ಮೇಲೆ ನೀರು ಸುರಿಯಬೇಡಿ, ಸೊಟ್ಟಗಾಗುತ್ತದೆ.

ಎಣ್ಣೆಕೈ

‘ಧಡಕ್’ ವಿಷಯ ನನಗಿರಲಿ.

ಪಿ ಹಾಕಿದಾಗ ಗೇರ್‌ಬಾಕ್ಸ್ ಒಳಗೆ ಒಂದು ಸಣ್ಣ ಕೊಕ್ಕೆ ಹಲ್ಲಿನ ಚಕ್ರದ ಸಂದಿಯಲ್ಲಿ ಕೂರುತ್ತದೆ. ಬೆರಳುದ್ದದ ಉಕ್ಕಿನ ತುಂಡು ಅದು. ಇಳಿಜಾರಲ್ಲಿ ನೇರ ಪಿ ಹಾಕಿ ಬ್ರೇಕ್ ಬಿಟ್ಟರೆ ಗಾಡಿ ಒಂದೆರಡು ಇಂಚು ಸರಿದು, ಇಡೀ ತೂಕ ಆ ಕೊಕ್ಕೆಯ ಮೇಲೆ ನಿಲ್ಲುತ್ತದೆ. ಆಮೇಲೆ ಹ್ಯಾಂಡ್‌ಬ್ರೇಕ್ ಎಳೆದು ಪ್ರಯೋಜನವಿಲ್ಲ, ಭಾರ ಆಗಲೇ ಕೊಕ್ಕೆಗೆ ಹೋಗಿ ಆಗಿದೆ. ಬೆಳಿಗ್ಗೆ ಲಿವರ್ ಎಳೆದಾಗ ಒತ್ತಡದಲ್ಲಿ ಸಿಕ್ಕಿಕೊಂಡಿರುವ ಕೊಕ್ಕೆ ಕಿತ್ತು ಬರುವ ಸದ್ದೇ ನಿಮ್ಮ ಧಡಕ್. ಒಂದು ಸಲಕ್ಕೆ ಮುರಿಯುವುದಿಲ್ಲ, ವರ್ಷಾನುಗಟ್ಟಲೆ ಹಾಗೆ ಮಾಡಿದರೆ ಅಂಚು ಸವೆಯುತ್ತದೆ.

ಮಾಡಬೇಕಾದ್ದು:

1. ಕಾಲಿನ ಬ್ರೇಕ್ ಒತ್ತಿ ಪೂರ್ತಿ ನಿಲ್ಲಿಸಿ.
2. ಕಾಲು ತೆಗೆಯದೆ ಎನ್ ಹಾಕಿ.
3. ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಎಳೆಯಿರಿ.
4. ಈಗ ಕಾಲಿನ ಬ್ರೇಕ್ ಮೆಲ್ಲಗೆ ಸಡಿಲಿಸಿ. ಗಾಡಿ ಸ್ವಲ್ಪ ಕೂತಂತಾಗಿ ಹ್ಯಾಂಡ್‌ಬ್ರೇಕ್ ಮೇಲೆ ನಿಲ್ಲಬೇಕು. ಸರಿಯುತ್ತಿದ್ದರೆ ಇನ್ನೊಂದು ‘ಕಟ್’ ಮೇಲೆ ಎಳೆಯಿರಿ.
5. ಮತ್ತೆ ಕಾಲಿನ ಬ್ರೇಕ್ ಒತ್ತಿ ಪಿ ಹಾಕಿ, ಎಂಜಿನ್ ಆಫ್ ಮಾಡಿ.

ಹೊರಡುವಾಗ ತಿರುಗಾಮುರುಗಾ: ಬ್ರೇಕ್ ಒತ್ತಿ ಸ್ಟಾರ್ಟ್ ಮಾಡಿ, ಮೊದಲು ಲಿವರ್ ಪಿಯಿಂದ ತೆಗೆದು, ಕೊನೆಗೆ ಹ್ಯಾಂಡ್‌ಬ್ರೇಕ್ ಇಳಿಸಿ. ಹ್ಯಾಂಡ್‌ಬ್ರೇಕ್ ಮೊದಲು ಇಳಿಸಿ ಕಾಲು ಸ್ವಲ್ಪ ಸಡಿಲವಾದರೂ ತೂಕ ಮತ್ತೆ ಕೊಕ್ಕೆಗೆ.

ಇನ್ನೊಂದು ವಿಷಯ ಜನಕ್ಕೆ ಗೊತ್ತೇ ಇರುವುದಿಲ್ಲ. ನಿಮ್ಮಂಥ ಫ್ರಂಟ್‌ವೀಲ್ ಕಾರಿನಲ್ಲಿ ಪಿ ಹಿಡಿಯುವುದು ಮುಂದಿನ ಚಕ್ರಗಳನ್ನು ಮಾತ್ರ. ಪಂಚರ್ ಹಾಕಲು ಮುಂದಿನ ಒಂದು ಚಕ್ರ ಜಾಕ್ ಮೇಲೆ ಎತ್ತಿದಿರೋ, ಎರಡು ಚಕ್ರ ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇರುವುದರಿಂದ ಎತ್ತಿದ ಚಕ್ರ ಗಾಳಿಯಲ್ಲಿ ತಿರುಗಿ ನೆಲದ ಮೇಲಿನದನ್ನು ಉರುಳಲು ಬಿಡುತ್ತದೆ. ಆಗ ಗಾಡಿಯನ್ನು ಹಿಡಿದಿರುವುದು ಹ್ಯಾಂಡ್‌ಬ್ರೇಕ್ ಮತ್ತು ಹಿಂದಿನ ಚಕ್ರಕ್ಕೆ ಕೊಟ್ಟ ಕಲ್ಲು, ಪಿ ಅಲ್ಲ. ಜಾಕ್ ಹಾಕುವ ಮೊದಲೇ ಕಲ್ಲು ಕೊಡಿ. (ಹೋಗುವಾಗ ಆ ಕಲ್ಲನ್ನು ರಸ್ತೆಯಲ್ಲೇ ಬಿಟ್ಟುಹೋಗುವ ಮಹಾನುಭಾವರು ಘಾಟಿಯಲ್ಲಿ ಬೇಕಾದಷ್ಟಿದ್ದಾರೆ. ರಾತ್ರಿ ಮಂಜಿನಲ್ಲಿ ಬೈಕಿನವರ ಗತಿ?)

ಮುಂಭಾಗ ಇಳಿಜಾರಿಗಿದ್ದರೆ ಸ್ಟೀರಿಂಗ್ ಎಡಕ್ಕೆ ತಿರುಗಿಸಿ ಬಿಡಿ. ಏರಿಗೆ ಮುಖ ಮಾಡಿ ನಿಲ್ಲಿಸಿದ್ದರೆ, ಪಕ್ಕದಲ್ಲಿ ಕಟ್ಟೆ ಇದ್ದಾಗ ಬಲಕ್ಕೆ, ಇಲ್ಲದಿದ್ದಾಗ ಎಡಕ್ಕೆ. ಎಡಗಡೆ ಪ್ರಪಾತ ಇರುವ ಕಡೆ ಈ ಸೂತ್ರ ಹಿಡಿದು ಕೂರಬೇಡಿ, ಅಲ್ಲಿ ನಿಲ್ಲಿಸಬೇಡಿ.

ಎರಡು ಪೆಡಲ್

ಎನ್ ಬಗ್ಗೆ. ಇಳಿಜಾರಲ್ಲಿ ಪೆಟ್ರೋಲ್ ಉಳಿಯುತ್ತದೆ ಎನ್ನುವುದು ಕಾರ್ಬ್ಯುರೇಟರ್ ಕಾಲದ ಮಾತು. ಇಂಜೆಕ್ಷನ್ ಎಂಜಿನ್‌ಗಳಲ್ಲಿ ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಜೆಕ್ಟರ್‌ಗಳೇ ಮುಚ್ಚಿಕೊಳ್ಳುತ್ತವೆ, ಚಕ್ರಗಳೇ ಎಂಜಿನ್ ತಿರುಗಿಸುತ್ತಿರುತ್ತವೆ. ಎನ್ ಹಾಕಿದ ಕ್ಷಣ ಆ ಕೊಂಡಿ ಕಡಿದು, ಐಡ್ಲಿಂಗ್‌ಗೆಂದು (ಎಂಜಿನ್ ತಾನೇ ಸುಮ್ಮನೆ ತಿರುಗುತ್ತಿರಲು) ಪೆಟ್ರೋಲ್ ಮತ್ತೆ ಸುರಿಯಲು ಶುರು. ಸಣ್ಣ ಎಂಜಿನ್ ಐಡ್ಲಿಂಗ್‌ನಲ್ಲಿ ಗಂಟೆಗೆ ಅರ್ಧದಿಂದ ಒಂದು ಲೀಟರ್ ಕುಡಿಯುತ್ತದೆ. ಅಂದರೆ ಎನ್‌ನಲ್ಲಿ ಇಳಿದವರಿಗೆ ಪೆಟ್ರೋಲೂ ಹೋಯಿತು, ಎಂಜಿನ್ ಹಿಡಿತವೂ ಹೋಯಿತು.

ಸಿಗ್ನಲ್‌ನಲ್ಲಿ: ಇಪ್ಪತ್ತು ಮೂವತ್ತು ಸೆಕೆಂಡ್ ನಿಲ್ಲುವುದಾದರೆ ಡಿಯಲ್ಲೇ ಬ್ರೇಕ್ ಒತ್ತಿಕೊಂಡಿರಿ. ಎನ್-ಡಿ-ಎನ್-ಡಿ ಅಂತ ಆಡಿಸುವುದರಿಂದ ಪ್ರತಿ ಸಲವೂ ಒಳಗಿನ ಕ್ಲಚ್ ಹಿಡಿದು ಬಿಡಬೇಕಾಗುತ್ತದೆ, ಲಾಭ ಏನೂ ಇಲ್ಲ. ಎರಡು ಮೂರು ನಿಮಿಷದ ಸಿಗ್ನಲ್, ರೈಲ್ವೆ ಗೇಟ್ ಅಂದರೆ ಎನ್ ಹಾಕಿ ಹ್ಯಾಂಡ್‌ಬ್ರೇಕ್ ಎಳೆಯಿರಿ. ಅಲ್ಲಿ ಪಿ ಬೇಡ. ಹಿಂದಿನಿಂದ ಯಾರಾದರೂ ಗುದ್ದಿದರೆ ಪೆಟ್ಟು ಆ ಕೊಕ್ಕೆಗೆ ಬೀಳುತ್ತದೆ, ಮತ್ತೆ ತೆಗೆಯುವಾಗ ಲಿವರ್ ಆರ್ ದಾಟಿ ಬರುವುದರಿಂದ ರಿವರ್ಸ್ ಲೈಟ್ ಮಿಂಚಿ ಹಿಂದಿನವನ ಜೀವ ಬಾಯಿಗೆ ಬರುತ್ತದೆ.

ಎನ್‌ನಿಂದ ಡಿಗೆ ಬರುವಾಗ ಬ್ರೇಕ್ ಒತ್ತಿ, ಲಿವರ್ ಎಳೆದು, ಗಾಡಿ ಹಿಡಿದುಕೊಂಡಿದ್ದು ಸೀಟಿಗೆ ತಿಳಿದ ಮೇಲೆ ಆಕ್ಸಿಲರೇಟರ್ ಕೊಡಿ, ಒಂದು ಸೆಕೆಂಡ್ ಸಾಕು. ಹಸಿರು ಬಿತ್ತೆಂದು ಎನ್‌ನಲ್ಲೇ ರೇಸ್ ಮಾಡಿ ಡಿಗೆ ಎಳೆಯುವುದು ಗೇರ್‌ಬಾಕ್ಸ್‌ಗೆ ಎಲ್ಲಕ್ಕಿಂತ ಕೆಟ್ಟ ಪೆಟ್ಟು. ಸಿವಿಟಿಯಲ್ಲಂತೂ ಬೆಲ್ಟ್ ಪುಲ್ಲಿಯ ಮೇಲೆ ಜಾರಿ ಗೀರು ಬಿದ್ದರೆ ರಿಪೇರಿ ಎಂದು ಏನಿಲ್ಲ, ಜೋಡಿಯೇ ಬದಲಿಸಬೇಕು. ಡಿಯಿಂದ ಆರ್‌ಗೂ ಹಾಗೇ, ಚಕ್ರ ಪೂರ್ತಿ ನಿಂತ ಮೇಲೆಯೇ.

ಬೆರಳಿಗೆ ಒಂದು ಅಭ್ಯಾಸ ಮಾಡಿಸಿ: ಡಿಯಿಂದ ಎನ್‌ಗೆ ತಳ್ಳುವಾಗ ಲಿವರ್ ಬಟನ್ ಒತ್ತಬೇಡಿ. ಹೆಚ್ಚಿನ ಕಾರುಗಳಲ್ಲಿ ಬಟನ್ ಇಲ್ಲದೆ ಎನ್‌ವರೆಗೆ ಮಾತ್ರ ಹೋಗುತ್ತದೆ, ಆರ್‌ಗೆ ದಾಟುವುದಿಲ್ಲ. ಇದು ನಿಜವಾಗಿ ಬೇಕಾಗುವುದು ಆಕ್ಸಿಲರೇಟರ್ ಸಿಕ್ಕಿಕೊಂಡಾಗ (ಫ್ಲೋರ್ ಮ್ಯಾಟ್ ಸರಿದು ಪೆಡಲ್ ಮೇಲೆ ಕೂತರೆ ಸಾಕು). ಬ್ರೇಕ್ ಗಟ್ಟಿಯಾಗಿ ಒತ್ತಿ, ಬಟನ್ ಮುಟ್ಟದೆ ಲಿವರ್ ಮುಂದಕ್ಕೆ ತಳ್ಳಿ. ಎಂಜಿನ್ ಕೂಗಲಿ, ಗಾಡಿ ನಿಲ್ಲುತ್ತದೆ.

ಕಡಲತಡಿ

ಇಲ್ಲಿ ಓದುವವರಲ್ಲಿ ಅರ್ಧ ಜನರ ಹತ್ತಿರ ಎಎಂಟಿ ಇರುತ್ತದೆ. 2014ರಲ್ಲಿ ಮಾರುತಿ ಸೆಲೆರಿಯೊ ಬಂದ ಮೇಲೆ ಸಣ್ಣ ಕಾರುಗಳಲ್ಲಿ ಅದೇ ಹೆಚ್ಚು. ಮೇಲೆ ಹೇಳಿದ್ದರಲ್ಲಿ ಕೆಲವು ಅದಕ್ಕೆ ಹೊಂದುವುದಿಲ್ಲ.

ಎಎಂಟಿ ಅಂದರೆ ಮಾಮೂಲಿ ಮ್ಯಾನ್ಯುಯಲ್ ಗೇರ್‌ಬಾಕ್ಸ್, ಅದೇ ಒಣ ಕ್ಲಚ್. ಕ್ಲಚ್ ಒತ್ತುವುದು, ಗೇರ್ ಬದಲಿಸುವುದು ಮೋಟಾರ್ ಕೆಲಸ. ಮಾರುತಿಯ ಎಎಂಟಿ ಲಿವರ್‌ನಲ್ಲಿ ಆರ್, ಎನ್, ಡಿ, ಎಂ (ಮ್ಯಾನ್ಯುಯಲ್) ಮಾತ್ರ. ಪಿ ಇಲ್ಲ, ಕೊಕ್ಕೆಯೂ ಇಲ್ಲ. ಎನ್‌ನಲ್ಲಿಟ್ಟು ಆಫ್ ಮಾಡಿ ಇಳಿದರೆ ಗಾಡಿ ಬರೀ ಹ್ಯಾಂಡ್‌ಬ್ರೇಕ್ ನಂಬಿ ನಿಂತಿರುತ್ತದೆ. ಏರಿಗೆ ಮುಖ ಇದ್ದರೆ ಡಿಯಲ್ಲಿ, ಇಳಿಜಾರಿಗೆ ಮುಖ ಇದ್ದರೆ ಆರ್‌ನಲ್ಲಿ ಇಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಕಾಲು ಬ್ರೇಕ್ ಮೇಲಿರುವಾಗಲೇ ಆಫ್ ಮಾಡಿ. ಆಫ್ ಮಾಡುವ ಮೊದಲು ಮೀಟರಿನಲ್ಲಿ 1 ಅಥವಾ ಆರ್ ಕಾಣುತ್ತಿದೆಯಾ ನೋಡಿ. ಲಿವರ್ ಎಲ್ಲಿದೆ ಎನ್ನುವುದಕ್ಕಿಂತ ಮೀಟರ್ ತೋರಿಸುವ ಗೇರ್ ಮುಖ್ಯ. ಮತ್ತೆ ಸ್ಟಾರ್ಟ್ ಮಾಡುವಾಗ ಬ್ರೇಕ್ ಒತ್ತಿ ಎನ್‌ಗೆ ತನ್ನಿ.

ಘಾಟಿ ಇಳಿಯಲು ಎಂ ಹಾಕಿ ಎರಡನೇ ಗೇರ್, ಹೇರ್‌ಪಿನ್‌ಗೆ ಒಂದನೇದು. ಡಿಯಲ್ಲಿ ಬಿಟ್ಟರೆ ಕಾಲು ತೆಗೆದಾಗಲೆಲ್ಲ ಮೂರು, ನಾಲ್ಕು ಅಂತ ಏರಿಸಿಕೊಳ್ಳುತ್ತದೆ. ಒಂದು ಎಚ್ಚರ: ನಡಿಗೆ ವೇಗಕ್ಕೆ ಇಳಿದರೆ ಎಂಜಿನ್ ಆಫ್ ಆಗದಿರಲೆಂದು ಕ್ಲಚ್ ತಾನೇ ಬಿಡುತ್ತದೆ, ಎಂಜಿನ್ ಹಿಡಿತ ಆಗ ಪಕ್ಕನೆ ಹೋಗುತ್ತದೆ. ಆ ಹೊತ್ತಿಗೆ ಕಾಲು ಬ್ರೇಕ್ ಮೇಲಿರಲಿ.

ಏರಿನಲ್ಲಿ ಟ್ರಾಫಿಕ್ ನಿಂತಾಗ ಆಕ್ಸಿಲರೇಟರ್ ಮುಟ್ಟಿ ಮುಟ್ಟಿ ಗಾಡಿ ನಿಲ್ಲಿಸಿಕೊಳ್ಳುವುದು ಎಎಂಟಿಗೆ ವಿಷ. ಅರ್ಧ ಕ್ಲಚ್‌ನಲ್ಲಿ ಪ್ಲೇಟ್ ಸುಡುತ್ತದೆ. ಒಣ ಕ್ಲಚ್‌ನ ಡಿಸಿಟಿ, ಡಿಎಸ್‌ಜಿಗಳಿಗೂ (ಎರಡು ಕ್ಲಚ್ ಇರುವ ಆಟೊಮ್ಯಾಟಿಕ್‌ಗಳು) ಇದೇ ಮಾತು. ಮುಂದೆ ಎರಡು ಕಾರಿನಷ್ಟು ಜಾಗ ಬಿಡುವವರೆಗೆ ಬ್ರೇಕ್ ಗಟ್ಟಿ ಒತ್ತಿ ನಿಲ್ಲಿ, ಆಮೇಲೆ ಒಂದೇ ಸಲ ಸಾಗಿ.

ತುಂಗಾತೀರ

ಎಲ್ಲರಿಗೂ ಥ್ಯಾಂಕ್ಸ್. ಇನ್ನೆರಡು ಕೇಳಿಬಿಡುತ್ತೇನೆ. ಹತ್ತುವಾಗ ಯಾವುದು? ಮತ್ತೆ ಬ್ಯಾಟರಿ ಡೆಡ್ ಆಗಿ ಲಿವರ್ ಪಿಯಲ್ಲೇ ಸಿಕ್ಕಿಕೊಂಡರೆ ಗಾಡಿ ತಳ್ಳುವುದು ಹೇಗೆ?

ಹದಿನಾಲ್ಕನೇ ತಿರುವು

ಹತ್ತುವಾಗ ಇಬ್ಬರೇ ಇದ್ದರೆ ಡಿ ಸಾಕು. ಐದು ಜನ, ಡಿಕ್ಕಿ ತುಂಬ ಲಗೇಜು, ಎಸಿ ಎಲ್ಲ ಇದ್ದಾಗ ಎಸ್. ತಿರುವಿನಲ್ಲಿ ಕಾಲು ತೆಗೆದು ಮತ್ತೆ ಕೊಟ್ಟಾಗ ಡಿಯಲ್ಲಿ ಎಂಜಿನ್ ತಡವರಿಸಿ ಆಮೇಲೆ ಕೂಗುತ್ತದೆ, ಎಸ್‌ನಲ್ಲಿ ಆರ್‌ಪಿಎಂ ಇಳಿಯಲು ಬಿಡದೆ ಹಿಡಿದಿರುವುದರಿಂದ ತಕ್ಷಣ ಎಳೆಯುತ್ತದೆ. ಎದುರು ಬಸ್ಸಿಗೆ ದಾರಿ ಬಿಟ್ಟು ಹೇರ್‌ಪಿನ್ ಮಧ್ಯೆ ನಿಂತು ಮತ್ತೆ ಹೊರಡಬೇಕಾದರೆ ಎಲ್. ಪೆಡಲ್ ನೆಲಕ್ಕೆ ತುಳಿಯುವುದರಿಂದ ಸದ್ದು ಹೆಚ್ಚುತ್ತದೆ, ವೇಗ ಅಷ್ಟು ಹೆಚ್ಚುವುದಿಲ್ಲ. ಮುಕ್ಕಾಲು ಒತ್ತಿ ಅಲ್ಲೇ ಹಿಡಿಯಿರಿ.

ಎಣ್ಣೆಕೈ

ಬ್ರೇಕ್ ಒತ್ತಿದಾಗ ಒಂದು ಸೊಲೆನಾಯ್ಡ್ (ಕರೆಂಟಿನಿಂದ ಕೆಲಸ ಮಾಡುವ ಸಣ್ಣ ಅಯಸ್ಕಾಂತ) ಎಳೆದುಕೊಂಡು ಲಿವರ್‌ನ ಬೀಗ ಬಿಡುತ್ತದೆ. ಕರೆಂಟ್ ಇಲ್ಲದಿದ್ದರೆ ಬೀಗ ಬಿಡುವುದಿಲ್ಲ. ಲಿವರ್ ಪಕ್ಕದಲ್ಲಿ ಉಗುರಿನಷ್ಟು ಅಗಲದ ಒಂದು ಮುಚ್ಚಳ ಇರುತ್ತದೆ, ಕೆಲವದರ ಮೇಲೆ ‘ಶಿಫ್ಟ್ ಲಾಕ್’ ಎಂದು ಬರೆದಿರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಕಾಲಿನ ಬ್ರೇಕ್ ಒತ್ತಿ, ಮುಚ್ಚಳ ಎಬ್ಬಿಸಿ, ಕೀ ಅಥವಾ ಚಪ್ಪಟೆ ಸ್ಕ್ರೂಡ್ರೈವರ್ ಒಳಗೆ ಒತ್ತಿಹಿಡಿದು ಲಿವರ್ ಬಟನ್ ಒತ್ತಿ ಎನ್‌ಗೆ ಎಳೆಯಿರಿ. ಮುಚ್ಚಳದ ಅಂಚಿಗೆ ಬಟ್ಟೆ ಇಟ್ಟು ಎಬ್ಬಿಸಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಗೀರುತ್ತದೆ.

ಬ್ಯಾಟರಿ ಚೆನ್ನಾಗಿದ್ದೂ ಪಿ ಬಿಡದಿದ್ದರೆ ಹಿಂದೆ ಹೋಗಿ ಬ್ರೇಕ್ ಲೈಟ್ ಉರಿಯುತ್ತದಾ ನೋಡಿ. ಉರಿಯದಿದ್ದರೆ ಪೆಡಲ್ ಮೇಲಿನ ಸ್ವಿಚ್ ಅಥವಾ ಅದರ ಫ್ಯೂಸ್ ಹೋಗಿದೆ. ಗೇರ್‌ಬಾಕ್ಸ್ ಬಿಚ್ಚಬೇಕು ಎನ್ನುವವರ ಮಾತಿಗೆ ಮೊದಲು ಅದನ್ನು ನೋಡಿಸಿ, ಸಣ್ಣ ಖರ್ಚಿನಲ್ಲಿ ಮುಗಿಯುತ್ತದೆ.

ತಳ್ಳಿ ಸ್ಟಾರ್ಟ್ ಮಾಡುವ ಆಸೆ ಮಾತ್ರ ಬಿಡಿ, ಸಿವಿಟಿಯಲ್ಲಿ ಆಗುವುದಿಲ್ಲ. ಬೆಲ್ಟನ್ನು ಹಿಡಿದಿಡುವುದು ಎಣ್ಣೆಯ ಒತ್ತಡ, ಆ ಪಂಪ್ ತಿರುಗಿಸುವುದು ಎಂಜಿನ್. ಎಂಜಿನ್ ನಿಂತಿದ್ದರೆ ಒತ್ತಡವೇ ಇಲ್ಲ. ಜಂಪರ್ ಕೇಬಲ್ ಹಾಕಿ. ಹಗ್ಗ ಕಟ್ಟಿ ಉಡುಪಿವರೆಗೆ ಎಳೆಸುವುದೂ ಬೇಡ, ಎನ್‌ನಲ್ಲಿದ್ದರೂ ಚಕ್ರದ ಜೊತೆ ತಿರುಗುವ ಭಾಗಗಳಿಗೆ ಎಣ್ಣೆ ಹೋಗುವುದಿಲ್ಲ. ಫ್ಲ್ಯಾಟ್‌ಬೆಡ್ ಲಾರಿ ಕರೆಸಿ, ಸಿಗದಿದ್ದರೆ ಮುಂದಿನ ಎರಡು ಚಕ್ರ ಎತ್ತಿ ಎಳೆಯುವ ಗಾಡಿ. ರಸ್ತೆ ಪಕ್ಕಕ್ಕೆ ಸರಿಸಲು ನಾಲ್ಕು ಮಾರು ತಳ್ಳಿದರೆ ಏನೂ ಆಗುವುದಿಲ್ಲ. ಸ್ಟೀರಿಂಗ್ ಲಾಕ್ ಬೀಳದಂತೆ ಕೀ ಆನ್‌ನಲ್ಲಿರಲಿ. ಎಂಜಿನ್ ಆಫ್ ಇದ್ದಾಗ ಕಾಲಿನ ಬಲ ಹೆಚ್ಚಿಸುವ ಬೂಸ್ಟರ್ ಇಲ್ಲದೆ ಬ್ರೇಕ್ ಪೆಡಲ್ ಕಲ್ಲಿನಷ್ಟು ಗಟ್ಟಿಯಾಗಿರುತ್ತದೆ, ಒಳಗೆ ಕೂತವರಿಗೆ ಮೊದಲೇ ಹೇಳಿ ತಳ್ಳಿ.